ಫುಲ್ ಫ್ರೇಮ್ ಮೋಹಕ್ಕೆ ಎರಡು ದಶಕ

2005ರ ಆಗಸ್ಟ್‌ನಲ್ಲಿ ಕ್ಯಾನನ್ ಕಂಪನಿ 5ಡಿ ಕ್ಯಾಮೆರಾವನ್ನು ಪ್ರಕಟಿಸಿತು. ಹಳೆಯ 35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದಾದ, 36×24 ಮಿಲಿಮೀಟರಿನ ಸೆನ್ಸರ್, 12.8 ಮೆಗಾಪಿಕ್ಸೆಲ್; ಅಮೆರಿಕದಲ್ಲಿ ಬೆಲೆ ಸುಮಾರು 3300 ಡಾಲರ್. ಮೂರು ವರ್ಷ ಮೊದಲು ಬಂದಿದ್ದ ಅದೇ ಕಂಪನಿಯ 1ಡಿಎಸ್‌ಗೆ ಸುಮಾರು 8000 ಡಾಲರ್ ತೆರಬೇಕಿತ್ತು. ದೊಡ್ಡ ಸ್ಟುಡಿಯೊಗಳಿಗಷ್ಟೇ ಎಟುಕುತ್ತಿದ್ದ ಫುಲ್ ಫ್ರೇಮ್, ಸಾಲ ಮಾಡಿದರೆ ಹವ್ಯಾಸಿಗೂ ಸಿಕ್ಕೀತು ಎನ್ನುವ ಸ್ಥಿತಿ ಬಂದದ್ದು ಆಗ. ಮೋಹ ಬೆಳೆದದ್ದೂ ಅಲ್ಲಿಂದಲೇ. ಈ ಎರಡು ದಶಕಗಳಲ್ಲಿ ನಮಗೆ ಅದರಿಂದ ದಕ್ಕಿದ್ದೇನು, ಅದಕ್ಕೆ ತೆತ್ತದ್ದೇನು ಎಂದು ಕೂತು ಲೆಕ್ಕ ಹಾಕಬೇಕಾದ ಹೊತ್ತಿದು.

ದಕ್ಕಿದ್ದು ಸಣ್ಣದಲ್ಲ. 2007ರಲ್ಲಿ ನಿಕಾನ್ ಡಿ3, ಮರುವರ್ಷ ಡಿ700 ಬಂದ ಮೇಲೆ ಐಎಸ್‌ಒ 3200, 6400ರಲ್ಲಿ ತೆಗೆದ ಚಿತ್ರವನ್ನೂ ಧೈರ್ಯವಾಗಿ ಮುದ್ರಣಕ್ಕೆ ಕೊಡುವಂತಾಯಿತು. ಇದರ ಬೆಲೆ ಚೆನ್ನಾಗಿ ಗೊತ್ತಿರುವುದು ನಮ್ಮ ಮದುವೆ ಫೋಟೊಗ್ರಾಫರ್‌ಗಳಿಗೆ. ಬೆಳಕು ಹರಿಯುವ ಮೊದಲೇ ಮುಹೂರ್ತ. ಮಂಟಪದ ಸುತ್ತ ನೆಂಟರ ಗೋಡೆ, ಮೇಲೊಂದು ಹಳದಿ ಬಲ್ಬು. ಗಟ್ಟಿಮೇಳ ಮೊಳಗಿದ ಕ್ಷಣದಲ್ಲೇ ತಾಳಿಯ ಗಂಟು ಬೀಳುತ್ತದೆ, ನಾಲ್ಕೂ ಕಡೆಯಿಂದ ಅಕ್ಷತೆ ಹಾರುತ್ತದೆ. ಆ ಅಕ್ಕಿಕಾಳು ಗೀರಾಗದೆ ಕಾಳಾಗಿಯೇ ಕಾಣಬೇಕಾದರೆ ಶಟರ್ ವೇಗ ಏರಲೇಬೇಕು. ಫ್ಲಾಶ್ ಹೊಡೆದರೆ ದೀಪದ ಬೆಳಕಿನ ಬಣ್ಣವೇ ಹೋಗುತ್ತದೆ. ಇನ್ನೊಮ್ಮೆ ಕಟ್ಟಿ ಎಂದು ಕೇಳುವ ಹಾಗಿಲ್ಲ. ಇಂಥ ಕೆಲಸದಿಂದ ಹೊಟ್ಟೆ ಹೊರೆಯುವವರು ಫುಲ್ ಫ್ರೇಮ್ ಕೊಂಡರೆ ಅದನ್ನು ಷೋಕಿ ಎನ್ನಲಾಗದು.

ಆದರೆ ಆ ಅನುಕೂಲದ ಅಳತೆಯೂ ತಿಳಿದಿರಬೇಕು. ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ 864 ಚದರ ಮಿಲಿಮೀಟರ್. ಅದಕ್ಕಿಂತ ಚಿಕ್ಕದಾದ ಸಾಮಾನ್ಯ ಕ್ರಾಪ್ ಸೆನ್ಸರಿನದು ಸುಮಾರು 370. ಅದೇ ದೃಶ್ಯ, ಅದೇ ಅಪರ್ಚರ್ ಇದ್ದರೆ ದೊಡ್ಡದಕ್ಕೆ ಸಿಗುವ ಬೆಳಕು ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು, ಅಂದರೆ ಒಂದು ಸ್ಟಾಪಿಗಿಂತ (ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪು) ಸ್ವಲ್ಪ ಮೇಲೆ. 2008ರಲ್ಲಿ ಚಿತ್ರ ಉಳಿಯುವುದೋ ಕೆಡುವುದೋ ಎಂಬುದನ್ನು ಆ ಒಂದು ಸ್ಟಾಪು ನಿರ್ಧರಿಸುತ್ತಿತ್ತು. ಈಗಿನ ಕ್ರಾಪ್ ಸೆನ್ಸರುಗಳು ಮೊದಲ 5ಡಿಯನ್ನು ಕತ್ತಲಲ್ಲೂ ಸರಿಗಟ್ಟುತ್ತವೆ. 2023ರಲ್ಲಿ ಅಡೋಬಿ ಲೈಟ್‌ರೂಮಿಗೆ ಬಂದ ಎಐ ಡೀನಾಯ್ಸ್‌ನಂಥ ಸೌಲಭ್ಯಗಳು ಉಳಿದ ಅಂತರವನ್ನೂ ಕಿರಿದು ಮಾಡಿವೆ. ಒಂದು ಸ್ಟಾಪು ಈಗಲೂ ಒಂದು ಸ್ಟಾಪೇ; ಅದಿಲ್ಲದೆ ಚಿತ್ರ ಕೆಡುವ ಸಂದರ್ಭಗಳು ಮಾತ್ರ ಕಡಿಮೆಯಾಗಿವೆ.

ಕಬಿನಿ, ರಂಗನತಿಟ್ಟು ಸುತ್ತುವ ಹಕ್ಕಿ ಫೋಟೊಗ್ರಾಫರ್‌ಗಳ ಲೆಕ್ಕವಂತೂ ಇನ್ನೂ ಕುತೂಹಲದ್ದು. ನಿಕಾನ್‌ನ ಡಿ500, 2016ರ ಕ್ರಾಪ್ ಕ್ಯಾಮೆರಾ, 20.9 ಮೆಗಾಪಿಕ್ಸೆಲ್. ಮರುವರ್ಷದ ಡಿ850 ಫುಲ್ ಫ್ರೇಮ್, 45.7 ಮೆಗಾಪಿಕ್ಸೆಲ್. ಬಿಡುಗಡೆಯ ಹೊತ್ತಿಗೆ ಮೊದಲನೆಯದರ ಬೆಲೆ ಸುಮಾರು 2000 ಡಾಲರ್, ಎರಡನೆಯದರದು 3300. ಒಂದೇ ಲೆನ್ಸ್ ಹಾಕಿ, ಒಂದೇ ದೋಣಿಯಿಂದ, ದೂರದ ರೆಂಬೆಯ ಮೇಲೆ ಕೂತ ಚಮಚಕೊಕ್ಕನ್ನು ಎರಡರಲ್ಲೂ ತೆಗೆಯಿರಿ. ಡಿ850ರ ಚಿತ್ರವನ್ನು ಡಿ500ರ ಚೌಕಟ್ಟಿನಷ್ಟಕ್ಕೆ ಕತ್ತರಿಸಿದರೆ ಉಳಿಯುವುದು 19 ಮೆಗಾಪಿಕ್ಸೆಲ್ ಚಿಲ್ಲರೆ. ದೂರದ ಹಕ್ಕಿಯ ಮಟ್ಟಿಗೆ ಆ ಹೆಚ್ಚಿನ ಹಣ ತಂದುಕೊಡುವುದು ಹಕ್ಕಿಯ ಸುತ್ತಲಿನ ಜಾಗವನ್ನು.

ಹಾಗಿದ್ದೂ ಮೋಹ ಏಕೆ ತಗ್ಗಲಿಲ್ಲ? ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಪಾದ ಅಂಕಿಅಂಶದಲ್ಲಿ ಒಂದು ಉತ್ತರವಿದೆ. 2010ರಲ್ಲಿ ಕಾರ್ಖಾನೆಗಳಿಂದ ಹೊರಟ ಡಿಜಿಟಲ್ ಕ್ಯಾಮೆರಾಗಳು ಸುಮಾರು 12 ಕೋಟಿ. 2019ರಲ್ಲಿ ಒಂದೂವರೆ ಕೋಟಿ. ಮೊಬೈಲ್ ಫೋನು ಅಗ್ಗದ ಕ್ಯಾಮೆರಾವನ್ನು ನುಂಗಿತು. ಎಣಿಕೆ ಕುಸಿದಾಗ ಕಂಪನಿಗಳು ಲಾಭ ಹೆಚ್ಚಿರುವ ದುಬಾರಿ ಮಾಲಿನತ್ತ ಹೊರಳಿದವು. 2013ರಲ್ಲಿ ಸೋನಿ ಎ7, 2018ರಲ್ಲಿ ನಿಕಾನ್ ಜೆಡ್ ಮತ್ತು ಕ್ಯಾನನ್ ಆರ್. ಹೊಸ ಬಾಡಿ, ಹೊಸ ಮೌಂಟ್, ಅದಕ್ಕೆ ಹೊಸ ಲೆನ್ಸ್. ನಮ್ಮ ಆಸೆಯ ಹಿಂದೆ ಅವರ ಅಗತ್ಯವೂ ಇದೆ ಎಂಬುದನ್ನು ಮರೆಯುವಂತಿಲ್ಲ.

ಈ ದುಬಾರಿ ಮಾಲಿನ ಭಾರ ಬಿದ್ದದ್ದು ತಾಲ್ಲೂಕು ಕೇಂದ್ರದ ಸ್ಟುಡಿಯೊಗಳ ಮೇಲೆ. ಹೆಣ್ಣಿನ ಕಡೆಯವರು ಅಡ್ವಾನ್ಸ್ ಕೊಡುವ ಮೊದಲು ‘ಫುಲ್ ಫ್ರೇಮ್ ಇದೆಯಾ?’ ಎಂದು ಕೇಳುವಂತಾಗಿದೆ. ಎರಡೂವರೆ ಲಕ್ಷದ ಬಾಡಿ ಇಎಂಐಯಲ್ಲಿ ಬರುತ್ತದೆ. ಬೆನ್ನಿಗೇ ಲೆನ್ಸ್, ಕಾರ್ಡ್, ಆ ಫೈಲುಗಳನ್ನು ತಾಳಿಕೊಳ್ಳುವ ಕಂಪ್ಯೂಟರ್. ಕೊನೆಗೆ ಚಿತ್ರ ಸೇರುವುದು ಆಲ್ಬಮ್ಮಿಗೆ. 12×18 ಇಂಚಿನ ಪುಟವನ್ನು ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಲು 19.4 ಮೆಗಾಪಿಕ್ಸೆಲ್ ಸಾಕು. 24 ಮೆಗಾಪಿಕ್ಸೆಲ್‌ನ ಯಾವ ಕ್ರಾಪ್ ಕ್ಯಾಮೆರಾವೂ ಅಷ್ಟನ್ನು ಕೊಡುತ್ತದೆ.

ಕರ್ನಾಟಕ ಈ ಕಲೆಯಲ್ಲಿ ಬಡ ನಾಡಲ್ಲ. ಟಿ.ಎಸ್. ಸತ್ಯನ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಎಂ.ವೈ. ಘೋರ್ಪಡೆ ಅವರ ಹೆಸರಾಂತ ಚಿತ್ರಗಳು ಫಿಲ್ಮಿನ ಕಾಲದವು. ರೋಲಿಗೆ 36 ಚಿತ್ರ, ತೆಗೆದದ್ದು ತೊಳೆದ ಮೇಲಷ್ಟೇ ಕಾಣುವುದು. ಪ್ರಾಣಿಯ ದಾರಿ, ಬೆಳಕಿನ ಹೊತ್ತು, ಮನುಷ್ಯರ ಮುಖ ಇವನ್ನು ಓದಲು ಅವರು ವರ್ಷಗಳನ್ನೇ ಕೊಟ್ಟರು. ಮೂಡಿಗೆರೆಯ ತೋಟದ ಆಸುಪಾಸಿನ ಹಕ್ಕಿಗಳನ್ನು ಸೆರೆಹಿಡಿದ ತೇಜಸ್ವಿಯವರದೂ ಅದೇ ಹಾದಿ. ಈಗ ಹೊಸ ಬಾಡಿಯ ಗುಣದೋಷ ಎಳೆಎಳೆಯಾಗಿ ಬಿಡಿಸಬಲ್ಲವರು ನಮ್ಮಲ್ಲಿ ಎಷ್ಟೋ ಜನ. ಒಂದು ಕೆರೆಯನ್ನು ನಾಲ್ಕು ಋತುವಿನಲ್ಲೂ ಹಿಂಬಾಲಿಸಿದವರು ವಿರಳ. ಎರಡು ದಶಕಗಳಲ್ಲಿ ನಾವು ತೆತ್ತ ನಿಜವಾದ ಬೆಲೆ ಇದು.

ಆದ್ದರಿಂದ ಕೊಳ್ಳುವ ಮೊದಲು ಹಳೆಯ ಫೋಲ್ಡರುಗಳನ್ನು ತೆರೆದು ಒಂದು ಪರೀಕ್ಷೆ ಮಾಡಿ. ಸೆನ್ಸರ್ ಚಿಕ್ಕದೆಂಬ ಒಂದೇ ಕಾರಣಕ್ಕೆ ಕೈತಪ್ಪಿದ ಚಿತ್ರಗಳು ಯಾವುವು? ಅಂಥವು ಸಾಲುಸಾಲಾಗಿ ಸಿಕ್ಕರೆ ಹಿಂಜರಿಯದೆ ಕೊಳ್ಳಿ. ಅದಕ್ಕೂ ಮೊದಲು ಬಾಡಿಗೆಗೆ ತಂದು ಒಂದು ಮದುವೆ ಮಾಡಿ ನೋಡಿ. ಸಿಗದಿದ್ದರೆ ಆ ಹಣ ಒಳ್ಳೆಯ ಲೆನ್ಸಿಗೆ, ಲೈಟಿಗೆ, ತಿರುಗಾಟಕ್ಕೆ, ಮುದ್ರಣಕ್ಕೆ ಹೋಗಲಿ. ಎರಡೂವರೆ ಲಕ್ಷದಲ್ಲಿ ಒಬ್ಬರು ತಮ್ಮ ಜಿಲ್ಲೆಯ ಜಾತ್ರೆ, ಸಂತೆ, ಮಗ್ಗ, ಕುಂಬಾರಕೇರಿಗಳನ್ನು ವರ್ಷವಿಡೀ ಸುತ್ತಿ ದಾಖಲಿಸಬಹುದು, ಊರಲ್ಲೇ ಒಂದು ಪ್ರದರ್ಶನವನ್ನೂ ಇಡಬಹುದು. ಆ ಕೆಲಸ ಬಹುಪಾಲು ಬಾಕಿಯಿದೆ. ಅದಕ್ಕೆ ಬೇಕಾದ ಕ್ಯಾಮೆರಾ ಹಲವರ ಬಳಿ ಈಗಾಗಲೇ ಇದೆ.