ಜೀವಕೋಶದ ಪಾಠ ಮಾರ್ಕ್ಸಿಗಷ್ಟೇ ಅಲ್ಲ, ರಕ್ತಪರೀಕ್ಷೆಯ ಕಾರ್ಡು ಓದುವುದಕ್ಕೂ ಬೇಕು

ನಿಮ್ಮ ಮನೆಯಲ್ಲಿ ಹೈಸ್ಕೂಲು ಓದುವ ಮಗುವಿದ್ದರೆ, ಜೀವಕೋಶದ ಚಿತ್ರ ಬರೆದು ತೋರಿಸು ಅಂತ ಕೇಳಿ. ಮೊಟ್ಟೆಯಾಕಾರದ ಒಂದು ಗೆರೆ, ನಡುವೆ ದುಂಡಗಿನ ಕೋಶಕೇಂದ್ರ, ಅಲ್ಲಲ್ಲಿ ಮೈಟೋಕಾಂಡ್ರಿಯಾ. ಭಾಗಗಳನ್ನೂ ಗುರುತಿಸಿ ಕೊಡುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಸಿಕಲ್ ಸೆಲ್ ಪರೀಕ್ಷೆಯ ಕಾರ್ಡಿನಲ್ಲಿ ‘ವಾಹಕ’ ಅಂತಿದ್ದರೆ ಏನರ್ಥ? ಅಲ್ಲಿ ಮಾತು ನಿಲ್ಲುತ್ತದೆ. ಪಾಠ ಪುಸ್ತಕದಲ್ಲಿ ಉಳಿದಿದೆ, ಜೀವಕೋಶ ಮೈಯಲ್ಲಿ ಉಳಿದಿದೆ. ಇವೆರಡನ್ನೂ ಸೇರಿಸಿ ಕಲಿಸಬೇಕು ಎಂಬುದು ನಮ್ಮ ವಾದ.

ಈ ಕಾರ್ಡು ದೂರದ ವಿಷಯವಲ್ಲ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಮಿಷನ್ ಶುರು ಮಾಡಿತು. 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಮಾಡುವುದು, 2047ರೊಳಗೆ ಕಾಯಿಲೆಯನ್ನು ಇಲ್ಲವಾಗಿಸುವುದು ಗುರಿ. ಮೈಸೂರು, ಚಾಮರಾಜನಗರ, ಕೊಡಗು ಕಡೆಯ ಹಾಡಿ, ಪೋಡುಗಳಲ್ಲೂ ಈ ಕಾಯಿಲೆ ಇದೆ. ಪಕ್ಕದ ನೀಲಗಿರಿಯ ಆದಿವಾಸಿಗಳಲ್ಲಿ ಇದನ್ನು ವಿಜ್ಞಾನಿಗಳು ಗುರುತಿಸಿದ್ದು 1952ರಲ್ಲೇ.

ಹಾಗಾದರೆ ಏನಿದು? ನಾಲ್ಕು ಮಾತಿನಲ್ಲಿ ಹೇಳುತ್ತೇವೆ.

ನಮ್ಮ ಮೈ ಜೀವಕೋಶಗಳಿಂದ ಆಗಿದೆ. ಹೆಚ್ಚಿನ ಜೀವಕೋಶಗಳ ನಡುವೆ ಕೋಶಕೇಂದ್ರವಿದೆ, ಅದರೊಳಗೆ ಡಿಎನ್‌ಎ ಇದೆ. ಅದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿದ್ದ ಹಾಗೆ. ಮೂಲ ಕಡತ ಹೊರಗೆ ಬರುವುದಿಲ್ಲ, ಬೇಕಾದ ಪುಟದ ನಕಲು ಮಾತ್ರ ಹೊರಗೆ ಬರುತ್ತದೆ. ಆ ನಕಲಿಗೆ ಆರ್‌ಎನ್‌ಎ ಅಂತ ಹೆಸರು. ರೈಬೋಸೋಮ್ ಎಂಬ ಕೆಲಸಗಾರ ಆ ನಕಲನ್ನು ಓದಿ, ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸಿ ಪ್ರೋಟೀನ್ ತಯಾರಿಸುತ್ತದೆ. ಇಷ್ಟು ಗೊತ್ತಾದರೆ ಅಣುಜೀವಶಾಸ್ತ್ರದ ಅಡಿಪಾಯ ಗೊತ್ತಾದಂತೆ.

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಅಂಥದ್ದೇ ಒಂದು ಪ್ರೋಟೀನ್. ಆಮ್ಲಜನಕವನ್ನು ಹೊತ್ತು ಮೈಯೆಲ್ಲ ತಿರುಗುವುದು ಅದರ ಕೆಲಸ. ಅದರ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳ ಮಣಿಗಳಿವೆ. ಆರನೇ ಮಣಿ ಬದಲಾದರೆ ಸಿಕಲ್ ಸೆಲ್ ಹಿಮೋಗ್ಲೋಬಿನ್ ಆಗುತ್ತದೆ. ಅಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಿತ್ತು, ವ್ಯಾಲೀನ್ ಬಂದು ಕೂತಿರುತ್ತದೆ. ಕಾರಣ, ಡಿಎನ್‌ಎಯಲ್ಲಿ ‘ಜಿಎಜಿ’ ಅಂತ ಇರಬೇಕಾದ ಕಡೆ ‘ಜಿಟಿಜಿ’ ಅಂತ ಇದೆ. ಬರೀ ಒಂದಕ್ಷರ.

ಒಂದಕ್ಷರಕ್ಕೆ ಅಷ್ಟು ಬೆಲೆಯೇ ಅಂತ ಕೇಳಬೇಡಿ. ‘ಹಾಲು’ ಬರೆಯುವಲ್ಲಿ ‘ಹಾಳು’ ಬರೆದರೆ ಏನಾಗುತ್ತದೆಂದು ಕನ್ನಡದವರಿಗೆ ಹೇಳಬೇಕೆ? ಈ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟಾಗ ಒಂದಕ್ಕೊಂದು ಅಂಟಿ ಕಡ್ಡಿಯಂತಾಗುತ್ತದೆ. ದುಂಡಗೆ ಮೆತ್ತಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಸಹಿಸಲಾಗದ ಕೈಕಾಲು ನೋವು. ಸಾಮಾನ್ಯ ರಕ್ತಕಣ ಸುಮಾರು 120 ದಿನ ಬಾಳಿದರೆ ಇದು 10ರಿಂದ 20 ದಿನಕ್ಕೇ ಒಡೆದು ಹೋಗುತ್ತದೆ. ಅದಕ್ಕೇ ಸುಸ್ತು, ರಕ್ತಹೀನತೆ.

ಅಮೆರಿಕದ ವಿಜ್ಞಾನಿ ಲೈನಸ್ ಪಾಲಿಂಗ್ ಮತ್ತು ಅವರ ಜೊತೆಗಾರರು 1949ರಲ್ಲಿ ಇದನ್ನು ಅಣುವಿನ ಕಾಯಿಲೆ ಎಂದು ತೋರಿಸಿದರು. ಕೆಲವೇ ವರ್ಷಗಳಲ್ಲಿ ವರ್ನನ್ ಇಂಗ್ರಾಮ್ ಆ ಬದಲಾದ ಮಣಿಯನ್ನು ಹುಡುಕಿದರು. ಜಗತ್ತಿನ ವಿಜ್ಞಾನಿಗಳು ಅಣುಜೀವಶಾಸ್ತ್ರ ಕಲಿತ ದಾರಿಗಳಲ್ಲಿ ಇದೂ ಒಂದು. ನಮ್ಮ ಮಕ್ಕಳೂ ಇದೇ ದಾರಿಯಲ್ಲಿ ಯಾಕೆ ಕಲಿಯಬಾರದು?

ಈಗ ಕಾರ್ಡಿಗೆ ಬರೋಣ. ಈ ಪ್ರೋಟೀನಿನ ಬರಹ ನಮ್ಮಲ್ಲಿ ಎರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎರಡರಲ್ಲೂ ಅಕ್ಷರ ಬದಲಾಗಿದ್ದರೆ ಕಾಯಿಲೆ. ಒಂದರಲ್ಲಿ ಮಾತ್ರ ಬದಲಾಗಿದ್ದರೆ ಅವರು ವಾಹಕರು. ವಾಹಕರು ರೋಗಿಗಳಲ್ಲ. ಸಾಮಾನ್ಯವಾಗಿ ಎಲ್ಲರಂತೆ ದುಡಿಯುತ್ತಾರೆ, ಎಲ್ಲರಂತೆ ಬದುಕುತ್ತಾರೆ. ಇದು ಮುಟ್ಟಿದರೆ, ಜೊತೆಗೆ ಉಂಡರೆ ಅಂಟುವ ಕಾಯಿಲೆಯೂ ಅಲ್ಲ.

ವಾಹಕರು ವಾಹಕರನ್ನೇ ಮದುವೆಯಾದಾಗ ಲೆಕ್ಕ ನೋಡಬೇಕು. ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ 25, ವಾಹಕವಾಗುವುದು 50, ಏನೂ ಇಲ್ಲದಿರುವುದು 25. ‘ಮೊದಲನೆಯದಕ್ಕೆ ಬಂತಲ್ಲ, ಇನ್ನು ಮೂರಕ್ಕೆ ಭಯವಿಲ್ಲ’ ಎಂಬುದು ತಪ್ಪು ಲೆಕ್ಕ. ನಾಣ್ಯ ಚಿಮ್ಮಿದಂತೆ, ಪ್ರತಿ ಸಲವೂ ಲೆಕ್ಕ ಹೊಸದು.

ಈ ಪಾಠ ಗೊತ್ತಿಲ್ಲದಿದ್ದರೆ ಹೊಡೆತ ಬೀಳುವುದು ಹೆಣ್ಣುಮಕ್ಕಳ ಮೇಲೆ. ಮಗು ಹುಷಾರಿಲ್ಲದಿದ್ದರೆ ಸೊಸೆಯ ಕಾಲ್ಗುಣ, ತವರಿನ ದೋಷ ಎನ್ನುವುದು ನಮ್ಮ ಊರುಗಳಿಗೆ ಹೊಸದಲ್ಲ. ಆದರೆ ಈ ಕಾಯಿಲೆ ಬರಬೇಕಾದರೆ ಅಪ್ಪನ ಕಡೆಯಿಂದಲೂ ಒಂದು ಪ್ರತಿ ಬರಲೇಬೇಕು. ಇನ್ನು ‘ವಾಹಕ’ ಎಂಬ ಒಂದು ಪದ ನೋಡಿ ಸಂಬಂಧ ಮುರಿದರೆ ಅದು ಅಜ್ಞಾನ. ವಾಹಕಿಯೊಬ್ಬಳು ವಾಹಕನಲ್ಲದ ಹುಡುಗನನ್ನು ಮದುವೆಯಾದರೆ ಅವರ ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ. ವಾಹಕರಾಗಬಹುದು, ಅಷ್ಟೆ.

ಶಾಲೆಯಲ್ಲಿ ಇದನ್ನು ಮಾತಾಡಿದರೆ ಆದಿವಾಸಿ ಮಕ್ಕಳಿಗೆ ಅವಮಾನವಾಗುತ್ತದೆ, ಸುಮ್ಮನಿರುವುದೇ ವಾಸಿ ಎನ್ನುವವರಿದ್ದಾರೆ. ಅವರ ಕಾಳಜಿ ಸರಿಯೇ. ಆದರೆ ಸುಮ್ಮನಿದ್ದರೆ ಅವಮಾನ ತಪ್ಪುವುದಿಲ್ಲ, ಗುಸುಗುಸು ಬೆಳೆಯುತ್ತದೆ. ಪೂರ್ತಿ ವಿಜ್ಞಾನ ಹೇಳಿದರೆ ಅವಮಾನಕ್ಕೆ ಜಾಗವೇ ಇರುವುದಿಲ್ಲ. ಈ ಬದಲಾದ ಅಕ್ಷರ ಒಂದೇ ಒಂದು ಪ್ರತಿಯಲ್ಲಿದ್ದರೆ ಮಲೇರಿಯಾದ ತೀವ್ರ ಹೊಡೆತದಿಂದ ಕಾಪಾಡುತ್ತದೆ. 1954ರಲ್ಲಿ ಆಂಟನಿ ಆಲಿಸನ್ ಇದನ್ನು ಆಫ್ರಿಕಾದಲ್ಲಿ ತೋರಿಸಿಕೊಟ್ಟರು. ಮಲೇರಿಯಾ ಕಾಡಿದ ನಾಡುಗಳಲ್ಲೇ ಇದು ಉಳಿದು ಬಂದಿದ್ದು ಅದಕ್ಕೇ. ಆಫ್ರಿಕಾ, ಅರೇಬಿಯಾದಲ್ಲೂ ಇದೆ. ಇದು ಯಾವ ಕುಲದ ಶಾಪವೂ ಅಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಜೀವಕೋಶದ ಪಾಠದ ದಿನ ಮೇಷ್ಟ್ರು ಒಂದು ಪೀರಿಯಡ್ಡು ಈ ಕತೆಗೆ ಕೊಡಲಿ. ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದವರನ್ನೋ ಕರೆಸಲಿ. ಯಾವ ಮಗುವಿನ ಪರೀಕ್ಷೆಯ ಫಲಿತಾಂಶವನ್ನೂ ತರಗತಿಯಲ್ಲಿ ಓದಬಾರದು. ಕಾರ್ಡು ಕೊಡುವವರು ಕೈಗಿಟ್ಟು ಹೋಗದೆ, ಕೂತು ಕನ್ನಡದಲ್ಲಿ, ಹಾಡಿಯ ಮಾತಿನಲ್ಲಿ ವಿವರಿಸಲಿ.

ಓದುಗರಿಗೆ ಒಂದು ಮಾತು. ಮನೆಯಲ್ಲಿ ಕಾಯಿಲೆ ಇರುವವರಿದ್ದರೆ ನೀರು ಹೆಚ್ಚು ಕುಡಿಸಿ, ಚಳಿಯಲ್ಲಿ ಬೆಚ್ಚಗಿಡಿ, ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ನೋವಿನ ಸರದಿಯನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ಇದೆ, ವೈದ್ಯರನ್ನು ಕೇಳಿ ಶುರು ಮಾಡಿ. ಕಾರ್ಡು ಬಂದಿದ್ದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಡಿ. ಹತ್ತನೇ ತರಗತಿಯ ಮಗಳನ್ನು ಕೂರಿಸಿಕೊಂಡು ಓದಿಸಿ. ಅವಳು ಅರ್ಥ ಹೇಳಿದರೆ ಪಾಠ ಸಾರ್ಥಕ. ಹೇಳಲಾಗದಿದ್ದರೆ ಮರುದಿನ ಶಾಲೆಗೆ ಹೋಗಿ ಮೇಷ್ಟ್ರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ.