ಎಂದೋ ಬರುವ ಅಪಾಯಕ್ಕೆ ಇಂದೇ ಅಭ್ಯಾಸ ಬೇಕೇ?

ನೇತ್ರಾಣಿ ದ್ವೀಪದ ಹೆಸರು ಕೇಳದವರು ನಮ್ಮ ಕರಾವಳಿಯಲ್ಲಿ ಕಡಿಮೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೊರಟರೆ ಸುಮಾರು 19 ಕಿಲೋಮೀಟರ್. ಮಳೆಗಾಲ ಮುಗಿದು ಸಮುದ್ರ ಶಾಂತವಾದ ಮೇಲೆ ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಜನ ಅಲ್ಲಿಗೆ ಸ್ಕೂಬಾ ಡೈವಿಂಗ್‌ಗೆ ಬರುತ್ತಾರೆ. ನನ್ನ ದೊಡ್ಡಪ್ಪನ ಮಗ ಹೀಗೆ ಬಂದವರನ್ನು ಜೊತೆಯಲ್ಲಿ ನೀರಿಗಿಳಿಸಿ, ಮೀನು, ಹವಳ ತೋರಿಸಿ, ಮೇಲಕ್ಕೆ ಕರೆತರುವ ಕೆಲಸ ಮಾಡುತ್ತಾನೆ. ಕಳೆದ ರಜೆಯಲ್ಲಿ ನಮ್ಮಿಬ್ಬರ ನಡುವೆ ನಡೆದ ಒಂದು ಜಗಳವೇ ಈ ಲೇಖನಕ್ಕೆ ಕಾರಣ.

ಅವನು ಹೇಳಿದ ಘಟನೆ ಇದು. ಸುಮಾರು ಎಂಟು ಮೀಟರ್ ಆಳದಲ್ಲಿ ಮುಂದೆ ಈಜುತ್ತಿದ್ದವರ ಕಾಲಿನ ಫಿನ್ ತಗುಲಿ, ಹಿಂದಿದ್ದ ಪ್ರವಾಸಿ ಮಹಿಳೆಯ ಮಾಸ್ಕ್ ಕಳಚಿತು. ಮೂಗಿಗೆ ನೀರು ನುಗ್ಗಿತು. ಗಾಬರಿಯಲ್ಲಿ ಅವರು ಬಾಯಲ್ಲಿದ್ದ ರೆಗ್ಯುಲೇಟರನ್ನೂ ಉಗುಳಿ, ಮೇಲಕ್ಕೆ ಹೋಗಲು ಕೈಕಾಲು ಬಡಿಯತೊಡಗಿದರು. ಅಣ್ಣ ಅವರ ತೋಳು ಹಿಡಿದುಕೊಂಡು, ತನ್ನಲ್ಲಿದ್ದ ಇನ್ನೊಂದು ರೆಗ್ಯುಲೇಟರ್ ಕೊಡಲು ಕೈ ಹಾಕಿದ. ಅದು ಯಾವಾಗಲೂ ಇರುವ ಜಾಗದಲ್ಲಿ ಇರಲಿಲ್ಲ! ಅಂದು ಅವನು ತೊಟ್ಟಿದ್ದು ಬೇರೆಯವರ ಜಾಕೆಟ್. ಅದರಲ್ಲಿ ರೆಗ್ಯುಲೇಟರನ್ನು ಇನ್ನೊಂದು ಬದಿಗೆ ಸಿಕ್ಕಿಸಲಾಗಿತ್ತು. ಕೆಲವು ಸೆಕೆಂಡು ತಡಕಾಡಿದ ಮೇಲೆ ಸಿಕ್ಕಿತು. ಅವರ ಬಾಯಿಗೆ ಕೊಟ್ಟ, ಉಸಿರಾಟ ಶುರುವಾಯಿತು, ಇಬ್ಬರೂ ನಿಧಾನವಾಗಿ ಮೇಲೆ ಬಂದರು. ಯಾರಿಗೂ ಏನೂ ಆಗಲಿಲ್ಲ.

"ಇನ್ನು ಮೇಲಾದರೂ ಇದನ್ನೆಲ್ಲ ಆಗಾಗ ಅಭ್ಯಾಸ ಮಾಡುತ್ತೀಯಾ?" ಎಂದು ಕೇಳಿದೆ.

"ಕೋರ್ಸ್ ಮಾಡುವಾಗ ಕಲಿತಾಗಿದೆ. ಆರುನೂರು ಸಲ ಇಳಿದಿದ್ದೇನೆ, ಹೀಗಾದದ್ದು ಒಂದೇ ಸಲ. ಅದಕ್ಕೆ ಯಾರು ಮತ್ತೆ ಮತ್ತೆ ಕಸರತ್ತು ಮಾಡುತ್ತಾರೆ?" ಎಂದ.

ಅವನ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅನುಭವಿ ಡೈವರ್‌ಗಳಲ್ಲೂ ಹೀಗೆ ಯೋಚಿಸುವವರಿದ್ದಾರೆ. ಈಗಿನ ಸಲಕರಣೆಗಳು ಕೈಕೊಡುವುದು ಅಪರೂಪ. ಹಾಗಿರುವಾಗ ಮಾಸ್ಕ್ ತೆಗೆದು ಹಾಕುವುದು, ಗಾಳಿ ಹಂಚಿಕೊಳ್ಳುವುದು, ತೂಕದ ಬೆಲ್ಟ್ ಕಳಚುವುದು, ಗಾಳಿ ಮುಗಿದಂತೆ ನಟಿಸಿ ಮೇಲೇರುವುದು, ಇವನ್ನೆಲ್ಲ ಪದೇ ಪದೇ ಮಾಡುತ್ತ ಕೂರಬೇಕೇ? ಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಎಲ್ಲವನ್ನೂ ಒಂದೇ ರೀತಿಯಲ್ಲಿ ಅಲ್ಲ.

ಮೊದಲು ಗಣಿತ ನೋಡೋಣ. ಸಂಭವನೀಯತೆಯ ಪಾಠ ನಮಗೆಲ್ಲ ಗೊತ್ತಿದೆ. ಒಂದು ತೊಂದರೆ ಸಾವಿರ ಡೈವ್‌ಗೆ ಒಂದು ಸಲ ಬರುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಒಂದು ಡೈವ್‌ನಲ್ಲಿ ಅದು ಬಾರದಿರುವ ಸಂಭವ 0.999. ಐನೂರು ಡೈವ್‌ಗಳಲ್ಲಿ ಒಮ್ಮೆಯೂ ಬಾರದಿರುವ ಸಂಭವ ಬೇಕಾದರೆ 0.999 ಅನ್ನು 500 ಸಲ ಗುಣಿಸಬೇಕು. ಉತ್ತರ ಸುಮಾರು 0.61. ಅಂದರೆ ಒಮ್ಮೆಯಾದರೂ ಬರುವ ಸಂಭವ ಶೇಕಡಾ 39! ಒಂದೇ ಸಲ ಇಳಿಯುವ ಪ್ರವಾಸಿಗೆ ಇದು ದೂರದ ಮಾತು. ದಿನಕ್ಕೆ ಎರಡು ಮೂರು ಸಲ ಇಳಿಯುವವನಿಗೆ ಹಾಗಲ್ಲ. "ಆರುನೂರರಲ್ಲಿ ಒಂದೇ ಸಲ" ಎಂದು ಅಣ್ಣ ಹೇಳಿದ್ದು ಅಭ್ಯಾಸ ಬೇಡ ಎನ್ನಲು. ನನಗೆ ಅದು ಅಭ್ಯಾಸ ಬೇಕು ಎನ್ನಲು ಸಿಕ್ಕ ಲೆಕ್ಕ.

ಇನ್ನು ಭೌತಶಾಸ್ತ್ರ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಒತ್ತಡ ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಮೇಲ್ಮೈಯಲ್ಲಿ ಒಂದು, ಹತ್ತು ಮೀಟರ್‌ನಲ್ಲಿ ಎರಡು, ಇಪ್ಪತ್ತರಲ್ಲಿ ಮೂರು. ಬಾಯ್ಲನ ನಿಯಮದಂತೆ ಒತ್ತಡ ಅರ್ಧವಾದರೆ ಅನಿಲದ ಗಾತ್ರ ಎರಡು ಪಟ್ಟಾಗುತ್ತದೆ. ಹತ್ತು ಮೀಟರ್ ಆಳದಲ್ಲಿ ಎದೆ ತುಂಬ ಉಸಿರೆಳೆದು ಬಿಗಿಹಿಡಿದು ಮೇಲೆ ಬಂದರೆ, ಶ್ವಾಸಕೋಶದೊಳಗಿನ ಗಾಳಿ ಎರಡು ಪಟ್ಟಾಗಲು ನೋಡುತ್ತದೆ. ಅಷ್ಟು ಜಾಗ ಅಲ್ಲಿಲ್ಲ. ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮೆದುಳಿನವರೆಗೂ ಹೋಗಬಹುದು. ಅದಕ್ಕೇ ಸ್ಕೂಬಾ ಕಲಿಸುವವರ ಮೊದಲ ನಿಯಮ: ಎಂದೂ ಉಸಿರು ಬಿಗಿಹಿಡಿಯಬೇಡಿ.

ಈಗ ಆ ಮಹಿಳೆಯನ್ನು ನೆನೆಸಿಕೊಳ್ಳಿ. ಮೂಗಿಗೆ ನೀರು ಹೋದಾಗ ನಾವೆಲ್ಲ ಏನು ಮಾಡುತ್ತೇವೆ? ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುತ್ತೇವೆ. ಕೆರೆಯಲ್ಲಿ, ಬಾವಿಯಲ್ಲಿ ಈಜುವಾಗ ನಮ್ಮನ್ನು ಉಳಿಸುವ ಆ ಬುದ್ಧಿಯೇ ಸಿಲಿಂಡರ್ ಗಾಳಿ ಉಸಿರಾಡುವವರನ್ನು ಕೊಲ್ಲಬಲ್ಲದು. ಹುಟ್ಟಿನಿಂದ ಬಂದ ಈ ಪ್ರತಿಕ್ರಿಯೆಯನ್ನು ತಡೆಯಲು ನಿಯಮ ಗೊತ್ತಿದ್ದರೆ ಸಾಲದು. ಪರೀಕ್ಷೆಯಲ್ಲಿ ಬಾಯ್ಲನ ನಿಯಮ ಬರೆದು ಪೂರ್ಣ ಅಂಕ ಪಡೆದವರೂ ಮೂಗಿಗೆ ನೀರು ಹೋದ ಕ್ಷಣದಲ್ಲಿ ಅದನ್ನು ಮರೆಯುತ್ತಾರೆ. ಯೋಚಿಸಲು ಸಮಯವಿಲ್ಲದ ಹೊತ್ತಿನಲ್ಲಿ ಕೈ ತಾನಾಗಿ ಮಾಡುವಂತಾಗಬೇಕಾದರೆ ಅದನ್ನು ಹಲವು ಸಲ ಮಾಡಿರಬೇಕು.

ಅಂಕಿಅಂಶವೂ ಇದನ್ನೇ ಹೇಳುತ್ತದೆ. ಡೈವರ್‌ಗಳ ಸುರಕ್ಷತೆಗಾಗಿ ಇರುವ 'ಡೈವರ್ಸ್ ಅಲರ್ಟ್ ನೆಟ್‌ವರ್ಕ್' ಸಂಸ್ಥೆಯ ಸಂಶೋಧಕರು 1992ರಿಂದ 2003ರವರೆಗಿನ 947 ಸ್ಕೂಬಾ ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ವರದಿ ಪ್ರಕಟಿಸಿದರು. ತೊಂದರೆ ಎಲ್ಲಿಂದ ಶುರುವಾಯಿತು ಎಂದು ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ಶೇಕಡಾ 41ಕ್ಕೆ ಮೂಲ ಗಾಳಿಯ ಕೊರತೆ. ಬಲೆ, ಗುಹೆ ಮುಂತಾದವುಗಳಲ್ಲಿ ಸಿಕ್ಕಿಬಿದ್ದದ್ದು ಶೇಕಡಾ 20. ಸಲಕರಣೆಯ ತೊಂದರೆ ಶೇಕಡಾ 15 ಮಾತ್ರ. ಹಾಗಾದರೆ ಆ ತೊಂದರೆ ಪ್ರಾಣಾಪಾಯಕ್ಕೆ ತಿರುಗಿದ್ದು ಹೇಗೆ? ಇದು ತಿಳಿದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಶೇಕಡಾ 55ರಲ್ಲಿ, ತುರ್ತಾಗಿ ಮೇಲೇರಿದ್ದೇ ಕಾರಣ.

ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಗಾಳಿ ಮುಗಿಯುವುದು ಆಕಾಶದಿಂದ ಬೀಳುವ ವಿಪತ್ತಲ್ಲ. ಹೆಚ್ಚಿನ ಸಲ ಅದು ಗೇಜ್ ನೋಡಲು ಮರೆತದ್ದರ ಫಲ. ಮೇಲೇರುವುದು ತಪ್ಪಲ್ಲ, ಗಾಬರಿಯಲ್ಲಿ ನುಗ್ಗುವುದು ತಪ್ಪು. ಪಕ್ಕದವರ ಎರಡನೇ ರೆಗ್ಯುಲೇಟರ್ ಪಡೆದು ನಿಧಾನವಾಗಿ ಏರಿದರೆ ಅಪಾಯ ಬಹಳ ಕಡಿಮೆ. ಆದರೆ ಅದನ್ನು ಕೇಳಲು, ಕೊಡಲು, ಹಿಡಿದು ಏರಲು ಇಬ್ಬರಿಗೂ ರೂಢಿ ಇರಬೇಕು.

ಇಲ್ಲಿ ವಿರೋಧಿಗಳ ಒಂದು ಮಾತನ್ನು ಒಪ್ಪಲೇಬೇಕು. ಅಭ್ಯಾಸವೂ ಅಪಾಯ ತರಬಹುದು. ತುರ್ತಾಗಿ ಮೇಲೇರುವ ತರಬೇತಿಯ ಸಮಯದಲ್ಲೇ ಜನ ಗಾಯಗೊಂಡದ್ದಿದೆ, ಸತ್ತದ್ದೂ ಇದೆ. ಆಳ ಕಡಿಮೆ ಇದ್ದರೆ ಸುರಕ್ಷಿತ ಎಂದುಕೊಳ್ಳುವಂತೆಯೂ ಇಲ್ಲ. ಇಪ್ಪತ್ತು ಮೀಟರ್‌ನಿಂದ ಹತ್ತಕ್ಕೆ ಬರುವಾಗ ಗಾಳಿ ಒಂದೂವರೆ ಪಟ್ಟಾದರೆ, ಹತ್ತರಿಂದ ಮೇಲ್ಮೈಗೆ ಬರುವಾಗ ಎರಡು ಪಟ್ಟಾಗುತ್ತದೆ. ಹೆಚ್ಚಿನ ಹಿಗ್ಗುವಿಕೆ ಮೇಲ್ಮೈ ಹತ್ತಿರವೇ. ಈಜುಕೊಳದಲ್ಲೂ ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಆದ್ದರಿಂದ "ಎಲ್ಲವನ್ನೂ ಅಭ್ಯಾಸ ಮಾಡಿ" ಎಂದು ಕಣ್ಣುಮುಚ್ಚಿ ಹೇಳುವುದು ಸರಿಯಲ್ಲ.

ಹಾಗಾದರೆ ಯಾವುದನ್ನು, ಹೇಗೆ? ನನ್ನ ಪ್ರಕಾರ ಒಂದು ಕ್ರಮ ಇರಬೇಕು. ಮೊದಲನೆಯದು, ನೀರಿನೊಳಗೇ ಇದ್ದು ಉಸಿರಾಟ ಮುಂದುವರಿಸಲು ನೆರವಾಗುವ ಕೌಶಲಗಳು: ಮಾಸ್ಕಿನಿಂದ ನೀರು ಹೊರಹಾಕುವುದು, ಮಾಸ್ಕ್ ಇಲ್ಲದೆ ಉಸಿರಾಡುವುದು, ಬಾಯಿಂದ ಜಾರಿದ ರೆಗ್ಯುಲೇಟರ್ ಹುಡುಕಿ ಹಾಕಿಕೊಳ್ಳುವುದು, ಗಾಳಿ ಹಂಚಿಕೊಳ್ಳುವುದು. ಇವುಗಳಲ್ಲಿ ಅಪಾಯ ಕಡಿಮೆ, ಲಾಭ ಹೆಚ್ಚು. ಇವನ್ನು ಆಗಾಗ ಮಾಡುತ್ತಿರಬೇಕು, ಅದೂ ಅಂದು ತೊಟ್ಟ ಸಲಕರಣೆಯಲ್ಲೇ. ಬೇರೆ ಜಾಕೆಟ್ ತೊಟ್ಟ ದಿನ ನೀರಿಗಿಳಿಯುವ ಮೊದಲು ಯಾವ ವಸ್ತು ಎಲ್ಲಿದೆ ಎಂದು ಕೈಯಿಂದ ಮುಟ್ಟಿ ನೋಡಿದ್ದರೆ ಅಣ್ಣ ಅಂದು ತಡಕಾಡಬೇಕಾಗುತ್ತಿರಲಿಲ್ಲ. ಅದಕ್ಕೆ ಬೇಕಾದದ್ದು ಅರ್ಧ ನಿಮಿಷ.

ಎರಡನೆಯದು, ತೂಕದ ಬೆಲ್ಟ್ ಕಳಚುವುದು. ಸತ್ತ ಡೈವರ್‌ಗಳು ಸಿಕ್ಕಾಗ ಎಷ್ಟೋ ಸಲ ಬೆಲ್ಟ್ ಸೊಂಟದಲ್ಲೇ ಇರುತ್ತದೆ ಎಂದು ಹಲವು ದೇಶಗಳ ವರದಿಗಳು ಹೇಳುತ್ತವೆ. ಒಂದು ಬಕಲ್ ಎಳೆದಿದ್ದರೆ ಮೇಲ್ಮೈಯಲ್ಲಿ ತೇಲಬಹುದಾಗಿತ್ತು. ಆ ಬಕಲ್ ಎಲ್ಲಿದೆ ಎಂಬುದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಮೂರನೆಯದು, ಯಾರ ಸಹಾಯವೂ ಇಲ್ಲದೆ ಉಸಿರು ಹೊರಬಿಡುತ್ತ ಮೇಲೇರುವುದು. ಇದನ್ನು ಕಲಿಯಲೇಬೇಕು, ಆದರೆ ತರಬೇತುದಾರರ ಕಣ್ಣೆದುರಿಗೆ ಮಾತ್ರ, ಮೊದಲು ನೀರಿನೊಳಗೆ ಅಡ್ಡಡ್ಡ ಈಜುತ್ತಲೇ. ಗೆಳೆಯರು ಸೇರಿ ತಮಾಷೆಗೆ ಮಾಡುವಂಥದ್ದಲ್ಲ.

ಕೆಲವು ಕೌಶಲಗಳನ್ನು ಕೈಬಿಡುವುದೂ ಸರಿಯೇ. ಹಿಂದೆ ಇಬ್ಬರು ಒಂದೇ ರೆಗ್ಯುಲೇಟರನ್ನು ಸರದಿಯಲ್ಲಿ ಬಾಯಿಗೆ ಕೊಟ್ಟುಕೊಳ್ಳುವುದನ್ನು ಕಲಿಸುತ್ತಿದ್ದರು. ಎರಡನೇ ರೆಗ್ಯುಲೇಟರ್ ಸಾಮಾನ್ಯವಾದ ಮೇಲೆ ಹಲವು ಸಂಸ್ಥೆಗಳು ಅದನ್ನು ಆರಂಭಿಕ ಕೋರ್ಸಿನಿಂದ ತೆಗೆದವು. ಪಟ್ಟಿ ಕಾಲಕ್ಕೆ ತಕ್ಕಂತೆ ಬದಲಾಗಲಿ. ಅಭ್ಯಾಸವೇ ನಿಲ್ಲುವುದು ಬೇಡ.

ಅಣ್ಣನ ಜೊತೆ ಇದನ್ನೆಲ್ಲ ವಾದಿಸಿದಾಗ ಅವನು ಕೊನೆಗೆ ನಿಜವಾದ ಕಾರಣ ಹೇಳಿದ. "ಪ್ರವಾಸಿಯನ್ನು ಇಳಿಸಿದರೆ ದುಡ್ಡು ಬರುತ್ತದೆ. ನಾನೊಬ್ಬನೇ ಇಳಿದು ಅಭ್ಯಾಸ ಮಾಡಿದರೆ ಯಾರು ಕೊಡುತ್ತಾರೆ? ಸಿಲಿಂಡರ್ ತುಂಬಿಸಲೂ ಖರ್ಚಿದೆ." ಆಗ ನನಗೆ ಮಾತು ಸಿಗಲಿಲ್ಲ. ತಪ್ಪು ಅವನೊಬ್ಬನದಲ್ಲ. ಅಭ್ಯಾಸದ ಸಮಯವನ್ನು ಕೆಲಸದ ಸಮಯವೆಂದು ಲೆಕ್ಕ ಹಿಡಿಯುವುದು ಡೈವಿಂಗ್ ನಡೆಸುವವರ ಹೊಣೆ. ಅದನ್ನು ಕೇಳುವುದು ಗ್ರಾಹಕರಾದ ನಮ್ಮ ಹೊಣೆ.

ಗೆಳೆಯರೇ, ನಮ್ಮಲ್ಲಿ ಕೆಲವರಾದರೂ ಪರೀಕ್ಷೆ ಮುಗಿದ ಮೇಲೆ ನೇತ್ರಾಣಿಗೆ ಹೋಗುವ ಯೋಚನೆಯಲ್ಲಿದ್ದೀರಿ. ಹೋಗಿ ಬನ್ನಿ. ಆದರೆ ದೋಣಿ ಹತ್ತುವ ಮೊದಲು ನಿಮ್ಮನ್ನು ಕರೆದೊಯ್ಯುವವರನ್ನು ಮೂರು ಪ್ರಶ್ನೆ ಕೇಳಿ. ಗಾಳಿ ಹಂಚಿಕೊಳ್ಳುವ ಅಭ್ಯಾಸವನ್ನು ನೀವು ಕೊನೆಯದಾಗಿ ಮಾಡಿದ್ದು ಯಾವಾಗ? ನಿಮ್ಮ ಎರಡನೇ ರೆಗ್ಯುಲೇಟರ್ ಎಲ್ಲಿದೆ, ತೋರಿಸುತ್ತೀರಾ? ನನ್ನ ಮಾಸ್ಕಿಗೆ ನೀರು ತುಂಬಿದರೆ ಏನು ಮಾಡಬೇಕು, ಸೊಂಟದುದ್ದದ ನೀರಿನಲ್ಲಿ ಮೊದಲು ಕಲಿಸುತ್ತೀರಾ? ಯಾರಾದರೂ ನಕ್ಕರೆ ನಗಲಿ. ಮೂರಕ್ಕೂ ಉತ್ತರ ಸಿಗದಿದ್ದರೆ ದಡದಲ್ಲೇ ಉಳಿಯಿರಿ.

ಅಣ್ಣ ಮೊನ್ನೆ ಫೋನ್ ಮಾಡಿದ್ದ. ಬೆಳಿಗ್ಗೆ ಪ್ರವಾಸಿಗರು ಬರುವ ಮೊದಲು ಅವನೂ ಜೊತೆಯ ಇನ್ನೊಬ್ಬನೂ ಹತ್ತು ನಿಮಿಷ ಗಾಳಿ ಹಂಚಿಕೊಳ್ಳುವ ಅಭ್ಯಾಸ ಶುರುಮಾಡಿದ್ದಾರಂತೆ. ಮೊದಲ ದಿನ ಇಬ್ಬರೂ ಒಬ್ಬರ ರೆಗ್ಯುಲೇಟರ್ ಇನ್ನೊಬ್ಬರು ಹುಡುಕಲು ತಡವರಿಸಿದರಂತೆ. "ಆರುನೂರು ಸಲ ಇಳಿದವನು!" ಎಂದು ತಾನೇ ನಕ್ಕ.

— ದ್ವಿತೀಯ ಪಿಯು, ವಿಜ್ಞಾನ ವಿಭಾಗದ ವಿದ್ಯಾರ್ಥಿ