ನಿಂತಲ್ಲೇ ಏದುವ ಮೋಟಾರು

ಹಾಸನದ ಕಡೆಯ ಸೋದರಿಯೊಬ್ಬರು ಬರೆದಿರುವ ಕಾಗದವು ಈ ತಿಂಗಳು ನಮ್ಮ ಮುಂದಿದೆ. ಅವರ ಯಜಮಾನರು ಬಿಟ್ಟುಹೋದ 1978ನೆಯ ಇಸವಿಯ ಅಂಬಾಸಿಡರ್ ಗಾಡಿಯು ದಾರಿಯಲ್ಲಿ ಓಡುವಾಗ ಯಾವ ತಕರಾರನ್ನೂ ಕೊಡುವುದಿಲ್ಲವಂತೆ. ಎಲ್ಲಿಯಾದರೂ ನಿಲ್ಲಿಸಿದೊಡನೆ ಮಾತ್ರ ಇಂಜಿನ್ ಒಮ್ಮೆ ಭೋರೆಂದು ಏರುವುದು, ಮರುಕ್ಷಣ ಉಸಿರು ಹೋದಂತೆ ಇಳಿಯುವುದು. ನಾಲ್ಕಾರು ಬಾರಿ ಹೀಗಾಗಿ ಕೊನೆಗೆ ಆರಿಯೇ ಹೋಗುವುದು. ಗ್ಯಾರೇಜಿನವರು ಇಂಜಿನ್ ಬಿಚ್ಚಿ ಬೋರ್ ಮಾಡಿಸಬೇಕೆಂದು ಹೇಳಿ ದೊಡ್ಡ ಮೊತ್ತವೊಂದನ್ನು ಬರೆದುಕೊಟ್ಟಿದ್ದಾರೆ. ಅಷ್ಟು ಹಣವನ್ನು ಎಲ್ಲಿಂದ ತರಲಿ, ಗುಜರಿಗೆ ಕೊಟ್ಟುಬಿಡಲೇ ಎಂಬುದು ಆಕೆಯ ಪ್ರಶ್ನೆ.

ಸೋದರಿಯವರೇ, ಆತುರಪಡಬೇಡಿರಿ. ಸವೆದ ಇಂಜಿನ್ನಿನ ಲಕ್ಷಣಗಳೇ ಬೇರೆ. ಅದು ಏರಿನಲ್ಲಿ ಸೋಲುತ್ತದೆ, ನೀಲಿ ಹೊಗೆ ಕಾರುತ್ತದೆ, ಆಯಿಲನ್ನು ಕುಡಿಯುತ್ತದೆ. ಐದು ಜನರನ್ನು ಹೇರಿಕೊಂಡು ಘಟ್ಟ ಹತ್ತುತ್ತದೆ, ಹೊಗೆಯಿಲ್ಲ ಎಂದು ತಾವೇ ಬರೆದಿದ್ದೀರಿ. ಅಂಥ ಇಂಜಿನ್ನು ನಿಂತಲ್ಲಿ ಮಾತ್ರ ಏದುವುದಾದರೆ, ಅದಕ್ಕೆ ಬೇಡದ ಗಾಳಿ ಎಲ್ಲಿಂದಲೋ ಒಳಗೆ ನುಗ್ಗುತ್ತಿರಬೇಕು, ಇಲ್ಲವೇ ಬೇಕಾದ ಪೆಟ್ರೋಲು ಸಿಕ್ಕುತ್ತಿರಲಾರದು. ನೂರಕ್ಕೆ ತೊಂಬತ್ತು ಪಾಲು ಇಷ್ಟೇ ಎಂಬುದು ನಮ್ಮ ಅಭಿಪ್ರಾಯ.

ನಿಂತಲ್ಲಿ ಮಾತ್ರ ಏಕೆ ಎಂದು ಕೇಳುವಿರಾ? ಗಾಡಿ ಓಡುವಾಗ ಇಂಜಿನ್ನು ಹಂಡೆಗಟ್ಟಲೆ ಗಾಳಿಯನ್ನು ಎಳೆಯುತ್ತದೆ. ನಿಂತಾಗ ಬಾಗಿಲು ಬಹುತೇಕ ಮುಚ್ಚಿರುವುದರಿಂದ ಲೋಟದಷ್ಟೇ ಸಾಕು. ಹಂಡೆ ಹಾಲಿಗೆ ಒಂದು ಚಮಚ ನೀರು ಬಿದ್ದರೆ ಯಾರ ನಾಲಿಗೆಗೂ ತಿಳಿಯದು. ಲೋಟದ ಹಾಲಿಗೆ ಬಿದ್ದರೆ ಮಗುವೂ ಮುಖ ಸಿಂಡರಿಸುತ್ತದೆ. ಸೀಳಿನಿಂದ ನುಸುಳುವ ಗಾಳಿಯ ಕಥೆಯೂ ಹಾಗೆಯೇ. ಪೆಟ್ರೋಲಿನ ಅಂಶ ತೆಳುವಾಗಿ ಇಂಜಿನ್ನು ಹಸಿದು ಕುಗ್ಗುತ್ತದೆ, ಆರುವ ಹೊತ್ತಿಗೆ ತುಸು ಸಿಕ್ಕಿ ಚೇತರಿಸುತ್ತದೆ, ಮತ್ತೆ ಹಸಿಯುತ್ತದೆ.

ಮೊದಲು ಕಿವಿಗೊಟ್ಟು ಕೇಳಬೇಕು. ಏರಿಳಿತವು ಉಯ್ಯಾಲೆಯಂತೆ ಇದ್ದರೆ ಮೇಲೆ ಹೇಳಿದ ಹಸಿವು. ಹಾಗಲ್ಲದೆ, ನಾಲ್ಕು ಬಡಿತಗಳಲ್ಲಿ ಒಂದು ತಪ್ಪುತ್ತ ಗಾಡಿಯೆಲ್ಲ ನಡುಗಿದರೆ ಅದನ್ನು ಮೆಕ್ಯಾನಿಕ್ಕುಗಳು ಮಿಸ್ಸಿಂಗ್ ಎನ್ನುತ್ತಾರೆ. ದೋಷವು ಪ್ಲಗ್ಗಿನಲ್ಲಿಯೋ ಅದರ ತಂತಿಯಲ್ಲಿಯೋ ಟ್ಯಾಪೆಟ್ಟಿನಲ್ಲಿಯೋ ಇರುತ್ತದೆ. 1489 ಸಿ.ಸಿ. ಇಂಜಿನ್ನಿಗೆ ಪ್ಲಗ್ಗಿನ ಅಂತರ 25 ಥೌ, ಪಾಯಿಂಟಿನದು 15 ಥೌ. ಇವನ್ನು ಹೇಗಿದ್ದರೂ ಸರಿಪಡಿಸಿಡುವುದು ಒಳ್ಳೆಯದು.

ಎರಡನೆಯ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಇಂಜಿನ್ನು ಚೆನ್ನಾಗಿ ಕಾದಮೇಲೆ ಚೋಕಿನ ಗುಂಡಿಯನ್ನು ಸ್ವಲ್ಪವೇ ಎಳೆಯಿರಿ. ಏದುವುದು ನಿಂತು ಓಟ ಸಮನಾದರೆ ಹಸಿವೆಂಬುದು ಸಿದ್ಧವಾಯಿತು. ಇನ್ನೂ ಕೆಟ್ಟು ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿದೆಯೆಂದು ಅರ್ಥ. ಆಗ ಏರ್ ಫಿಲ್ಟರನ್ನೂ ಕಾರ್ಬ್ಯುರೇಟರಿನ ಫ್ಲೋಟನ್ನೂ ನೋಡಬೇಕು.

ಹಸಿವೆಂದು ತಿಳಿದಮೇಲೆ ಸೀಳನ್ನು ಹುಡುಕುವ ಕೆಲಸ. ಇಂಜಿನ್ನು ತಣ್ಣಗಿರುವಾಗ ಹೊರಡಿಸಿ, ಗಟ್ಟಿಯಾದ ಸಾಬೂನು ನೀರನ್ನು ಬ್ರಷ್ಷಿನಿಂದ ಕಾರ್ಬ್ಯುರೇಟರಿನ ಬುಡದ ಪ್ಯಾಕಿಂಗಿಗೂ, ಅದು ಕೂತ ಮ್ಯಾನಿಫೋಲ್ಡು ಇಂಜಿನ್ನಿಗೆ ಸೇರುವ ಕಡೆಗೂ ಹಚ್ಚುತ್ತ ಹೋಗಿರಿ. ಯಾವ ಜಾಗಕ್ಕೆ ಹಚ್ಚಿದಾಗ ಧ್ವನಿ ಬದಲಾಗುವುದೋ ಅಲ್ಲಿಯೇ ಕಳ್ಳನಿದ್ದಾನೆ. ಕೆಲವರು ಇದಕ್ಕೆ ಪೆಟ್ರೋಲನ್ನೇ ಚಿಮುಕಿಸುವುದುಂಟು. ಈ ಇಂಜಿನ್ನಿನಲ್ಲಿ ಹೊಗೆಯ ಬಿಸಿ ಕೊಳವೆಯೂ ಅದೇ ಮಗ್ಗುಲಲ್ಲಿರುವುದರಿಂದ ಅದು ಬೆಂಕಿಯೊಡನೆ ಚೆಲ್ಲಾಟ. ಮನೆಯಲ್ಲಿ ಯಾರೂ ಹಾಗೆ ಮಾಡಗೊಡಬೇಡಿರಿ. ಸೆರಗು, ಪಂಚೆಯ ಅಂಚು, ಜಡೆ ಇವು ಫ್ಯಾನಿನಿಂದ ದೂರವಿರಲಿ. ಮುಚ್ಚಿದ ಷೆಡ್ಡಿನೊಳಗೆ ಎಂದಿಗೂ ಈ ಪರೀಕ್ಷೆ ಕೂಡದು: ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣ ತೆಗೆಯುವಾಗ ಸೂಚನೆಯನ್ನೂ ಕೊಡುವುದಿಲ್ಲ.

ಹಳೆಯ ಕಾರ್ಬ್ಯುರೇಟರುಗಳಲ್ಲಿ ಥ್ರಾಟಲಿನ ಕಡ್ಡಿ ಸವೆದು ಅದರ ಎರಡು ತುದಿಗಳಿಂದಲೂ ಗಾಳಿ ನುಸುಳುತ್ತದೆ. ಅಲ್ಲಿಗೆ ಒಂದೊಂದು ತೊಟ್ಟು ಎಣ್ಣೆ ಬಿಟ್ಟಾಗ ಕ್ಷಣಕಾಲ ಓಟ ಸುಧಾರಿಸಿದರೆ ಬುಷ್ ಹಾಕಿಸಬೇಕು. ಸರ್ವೋ ಬ್ರೇಕು ಇರುವ ಗಾಡಿಯಾದರೆ ಅದರ ರಬ್ಬರು ಕೊಳವೆಯನ್ನು ಮರೆಯಬಾರದು. ಅದು ಒಡೆದರೆ ಇಂಜಿನ್ನು ಏದುವುದಷ್ಟೇ ಅಲ್ಲ, ಬ್ರೇಕಿನ ಪೆಡಲೂ ಕಲ್ಲಿನಂತಾಗುತ್ತದೆ. ಇದಕ್ಕೆ ಒಂದು ದಿನವೂ ತಡ ಸಲ್ಲದು.

ಇತ್ತೀಚೆಗೆ ಮತ್ತೊಂದು ಕಾರಣವೂ ಕೂಡಿಕೊಂಡಿದೆ. ಶೇಕಡಾ 20 ಪಾಲು ಎಥನಾಲ್ ಬೆರೆತ ಪೆಟ್ರೋಲು 2023ನೆಯ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಬಿಡುಗಡೆಯಾಗಿ, 2025ರ ವೇಳೆಗೆ ದೇಶದಲ್ಲೆಲ್ಲ ಹಬ್ಬಿತು. ಒಂದು ಕಿಲೋ ಪೆಟ್ರೋಲು ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ ಎಥನಾಲಿಗೆ 9 ಕಿಲೋ ಸಾಕು. ಆದ್ದರಿಂದ ಹಳೆಯ ಜೆಟ್ಟುಗಳ ಅಳತೆಗೆ ಈ ಮಿಶ್ರಣವು ತಾನಾಗಿ ತೆಳುವಾಗುತ್ತದೆ. ಹಳೆಯ ರಬ್ಬರನ್ನೂ ಅದು ಕೆಡಿಸುತ್ತದೆ. ಪೆಟ್ರೋಲಿನ ಕೊಳವೆಗಳನ್ನು ಹೊಸ ನಮೂನೆಯವಕ್ಕೆ ಬದಲಾಯಿಸುವುದು ಉಚಿತ.

ಸೀಳೇ ಸಿಕ್ಕದಿದ್ದರೆ ಕಾರ್ಬ್ಯುರೇಟರಿಗೆ ಕೈಹಚ್ಚಬೇಕು. ಸೋಲೆಕ್ಸ್ ಆದರೆ ಐಡ್ಲಿಂಗ್ ಜೆಟ್ಟನ್ನು ಕಳಚಿ ಊದಿಸಿರಿ. ಅದರ ರಂಧ್ರ ಅರ್ಧ ಮಿಲಿಮೀಟರಿನ ಆಸುಪಾಸಿನದು. ಟ್ಯಾಂಕಿನ ಒಂದು ತುಣುಕು ತುಕ್ಕೇ ಅದನ್ನು ಮುಚ್ಚಬಲ್ಲದು. ತಂತಿ ತುರುಕಿ ರಂಧ್ರವನ್ನು ಹಿರಿದು ಮಾಡುವವರನ್ನು ಹತ್ತಿರ ಸೇರಿಸಬೇಡಿರಿ. ಎಸ್.ಯು. ಆದರೆ ಒಳಗಿನ ಪಿಸ್ಟನನ್ನು ಕೂದಲೆಳೆಯಷ್ಟು ಎತ್ತಿ ನೋಡಿರಿ: ಇಂಜಿನ್ನು ಏರಿ ಏರಿಯೇ ಉಳಿದರೆ ಪೆಟ್ರೋಲು ಹೆಚ್ಚು, ಆರುವಂತಾದರೆ ಕಡಿಮೆ, ಕ್ಷಣ ಏರಿ ಮೊದಲಿನಂತಾದರೆ ಸರಿ. ಸ್ಕ್ರೂಗಳನ್ನು ತಿರುಗಿಸುವುದು ಇಷ್ಟೆಲ್ಲ ಆದಮೇಲೆ. ಸೀಳಿರುವಾಗಲೇ ಸ್ಲೋ ಸ್ಕ್ರೂವನ್ನು ಬಿಗಿದು ಓಟವನ್ನು ಹೆಚ್ಚಿಸಿಕೊಡುವುದು ಜ್ವರ ಬಂದವನಿಗೆ ಬೆಚ್ಚಗಿನ ಕೋಟು ತೊಡಿಸಿದಂತೆ.

ಇದಾವುದರಿಂದಲೂ ಗುಣ ಕಾಣದಿದ್ದರೆ ಕಂಪ್ರೆಷನ್ ನೋಡಿಸಿರಿ. ಪ್ಲಗ್ಗುಗಳನ್ನು ಕಳಚಿ ಗೇಜು ಹಿಡಿಯುವುದು ಅರ್ಧ ಗಂಟೆಯ ಕೆಲಸ, ಬಿಚ್ಚುವ ಖರ್ಚಿನ ಮುಂದೆ ಅದೇನೂ ಅಲ್ಲ. ತಾವೇ ಪಕ್ಕದಲ್ಲಿ ನಿಂತು ನಾಲ್ಕು ಅಂಕಿಗಳನ್ನೂ ಬರೆದುಕೊಳ್ಳಿರಿ. ಅವು ಒಂದಕ್ಕೊಂದು ಸಮೀಪವಾಗಿ, ತೀರ ಇಳಿದಿಲ್ಲವಾದರೆ ಆ ಇಂಜಿನ್ನನ್ನು ಬಿಚ್ಚಲು ಯಾರಿಗೂ ಒಪ್ಪಿಗೆ ಕೊಡಬೇಡಿರಿ. ಅಂಕಿಗಳನ್ನು ನಮಗೂ ಒಂದು ಕಾರ್ಡಿನಲ್ಲಿ ತಿಳಿಸಿರಿ.